ನಿಕ್ಥೆಮೆರಾನ್: ರಾತ್ರಿ ಮತ್ತು ಹಗಲು ಸೇರಿದ ಒಂದು ಪದ

ಇಂಗ್ಲಿಷ್ ನಿಘಂಟುಗಳಲ್ಲಿ ‘ನಿಕ್ಥೆಮೆರಾನ್’ ಎಂಬ ಪದವೊಂದಿದೆ. ಒಂದು ರಾತ್ರಿ ಮತ್ತು ಒಂದು ಹಗಲು ಸೇರಿದ 24 ತಾಸುಗಳ ಪೂರ್ಣ ಅವಧಿ ಎಂಬುದು ಅದರ ಅರ್ಥ. 17ನೇ ಶತಮಾನದಿಂದ ಇದು ಇಂಗ್ಲಿಷಿನಲ್ಲಿದ್ದರೂ ವಿದ್ವಾಂಸರ ಬರಹದ ಹೊರಗೆ ಯಾರೂ ಬಳಸುವುದಿಲ್ಲ. ಕನ್ನಡಿಗರಾದ ನಮಗೆ ಮಾತ್ರ ಇದೇ ಅರ್ಥದ ಮಾತು ದಿನಪತ್ರಿಕೆಯಲ್ಲೇ ಸಿಗುತ್ತದೆ. ಬೇಡಿಕೆ ಈಡೇರುವವರೆಗೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ‘ಅಹೋರಾತ್ರಿ ಧರಣಿ’ ಎಂಬ ಸುದ್ದಿಯನ್ನು ಓದದವರು ಯಾರು? ಅಹಃ ಎಂದರೆ ಹಗಲು, ಅದರೊಡನೆ ರಾತ್ರಿ. ಇಂಗ್ಲಿಷಿನವರ ಅಪರೂಪದ ಪದ ನಮ್ಮಲ್ಲಿ ಧರಣಿ ಕೂರುವವರ ಪದವಾಗಿದೆ.

ಈ ಪದವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಬಳ್ಳಾರಿ ತಾಲ್ಲೂಕಿನ ಮೋಕದ ಕಡೆ ಶಿಕ್ಷಕಿಯಾಗಿರುವ ನಮ್ಮ ಕರಾವಳಿಯ ಸಹೋದರಿಯೊಬ್ಬರು ಬರೆದು ಕೇಳಿದ್ದಾರೆ: ‘ಫಾದರ್, ಭಾನುವಾರ ನನಗೆ ಪೂಜೆಗೆ ಹೋಗಲು ಆಗುವುದಿಲ್ಲ. ಶನಿವಾರ ಸಂಜೆ ಪಟ್ಟಣಕ್ಕೆ ಹೋಗಿ ಪೂಜೆಯಲ್ಲಿ ಭಾಗವಹಿಸಿ ಬರುತ್ತೇನೆ. ಅದು ನಿಜವಾಗಿ ಭಾನುವಾರದ ಪೂಜೆಯೇ, ಅಥವಾ ಅನುಕೂಲಕ್ಕಾಗಿ ಕೊಟ್ಟ ರಿಯಾಯಿತಿಯೇ? ಊರಿನಲ್ಲಿ ಅಮ್ಮ ಅದನ್ನು ಅರ್ಧ ಪೂಜೆ ಎನ್ನುತ್ತಾರೆ.’ ಅದೇ ಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಶುಕ್ರವಾರ ಮಧ್ಯಾಹ್ನ ಮರಣಹೊಂದಿ ಭಾನುವಾರ ಬೆಳಿಗ್ಗೆ ಎದ್ದ ಯೇಸುಸ್ವಾಮಿ ಮೂರು ಹಗಲು ಮೂರು ರಾತ್ರಿ ಭೂಗರ್ಭದಲ್ಲಿ ಇದ್ದರೆಂದು ಹೇಳುವುದು ಹೇಗೆ ಎಂದು ಅವರ ಸಹೋದ್ಯೋಗಿಗಳು ಕೇಳಿದರಂತೆ. ಎರಡು ಪ್ರಶ್ನೆಗಳಿಗೂ ಬುಡ ಒಂದೇ: ‘ದಿನ’ ಎಂದರೆ ಏನು, ಅದು ಎಲ್ಲಿಂದ ಎಲ್ಲಿಯವರೆಗೆ? ಧರ್ಮೋಪದೇಶ ಕಲಿಸುವವರಿಗೆ ಈ ಪ್ರಶ್ನೆಗಳು ಆಗಾಗ ಎದುರಾಗುವುದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಪದದ ಹುಟ್ಟು

ಪದ ಗ್ರೀಕ್ ಮೂಲದ್ದು. ಗ್ರೀಕಿನಲ್ಲಿ ರಾತ್ರಿಗೆ ‘ನುಕ್ಸ್’. ವಿಭಕ್ತಿ ಪ್ರತ್ಯಯ ಸೇರುವಾಗ ಅದರ ಮೂಲರೂಪ ‘ನುಕ್ತ್’. ಹಗಲಿಗೆ ‘ಹೇಮೆರಾ’. ಇವೆರಡೂ ಕೂಡಿದಾಗ ಹೇಮೆರಾದ ಮೊದಲಿನ ಹಕಾರ ಹಿಂದಿನ ವ್ಯಂಜನಗಳನ್ನು ಮಹಾಪ್ರಾಣವಾಗಿಸುತ್ತದೆ. ಹೀಗೆ ‘ನುಖ್ಥೇಮೆರೊನ್’ ಆಯಿತು. ಶಾಲೆಯಲ್ಲಿ ಸಂಧಿ ಕಲಿತ ನಮಗೆ ಇದನ್ನು ಅರ್ಥಮಾಡಿಕೊಳ್ಳುವುದು ಇಂಗ್ಲಿಷಿನವರಿಗಿಂತ ಸುಲಭ.

ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಈ ‘ನುಕ್ತ್’ ನಮಗೆ ಅಪರಿಚಿತವಲ್ಲ. ಸಂಸ್ಕೃತದ ‘ನಕ್ತ’ ಅದರ ಒಡಹುಟ್ಟು. ನಕ್ತಂಚರ ಎಂದರೆ ರಾತ್ರಿ ಸಂಚರಿಸುವವನು. ಲ್ಯಾಟಿನಿನ ‘ನೋಕ್ಸ್’, ಇಂಗ್ಲಿಷಿನ ‘ನೈಟ್’ ಎಲ್ಲವೂ ಅದೇ ಬೇರಿನ ಚಿಗುರುಗಳು. ಪಾಣಿನಿ ತನ್ನ ವ್ಯಾಕರಣದ ಐದನೆಯ ಅಧ್ಯಾಯದ ಒಂದು ಸೂತ್ರದಲ್ಲಿ ಪಟ್ಟಿಮಾಡುವ ಸಮಾಸಪದಗಳಲ್ಲಿ ‘ನಕ್ತಂದಿವ’, ‘ರಾತ್ರಿಂದಿವ’ ಎಂಬವು ಇವೆ. ನಕ್ತಂದಿವ ಎಂದರೆ ರಾತ್ರಿ ಮತ್ತು ಹಗಲು. ಕಟ್ಟಡವೂ ಅದೇ, ಅರ್ಥವೂ ಅದೇ, ಮೊದಲ ಅರ್ಧದ ಬೇರೂ ಅದೇ. ಉತ್ತರಾರ್ಧ ಮಾತ್ರ ಬೇರೆ: ಗ್ರೀಕರ ಹೇಮೆರಾಕ್ಕೂ ನಮ್ಮ ದಿವಕ್ಕೂ ಸಂಬಂಧವಿಲ್ಲ. ದಿವಕ್ಕೆ ಸಂಬಂಧ ಇರುವುದು ಲ್ಯಾಟಿನಿನ ‘ದಿಯೆಸ್’ ಜೊತೆ. ಇಂಗ್ಲಿಷಿನ ‘ಡೇ’ ಕೇಳಲು ದಿಯೆಸ್‌ನಂತಿದ್ದರೂ ಅದರ ಮನೆತನ ಬೇರೆ ಎಂದು ಭಾಷಾವಿದರು ಹೇಳುತ್ತಾರೆ. ಕೇಳಿಸಿದ ಹೋಲಿಕೆಯನ್ನೆಲ್ಲ ನಂಬಬಾರದು.

ಇಂಥ ಪದ ಯಾಕೆ ಬೇಕಾಯಿತು? ‘ದಿನ’ ಎನ್ನುವ ಮಾತಿಗೆ ಎರಡು ಅರ್ಥಗಳಿರುವುದರಿಂದ. ‘ದಿನವಿಡೀ ಮಳೆ, ರಾತ್ರಿ ನಿಂತಿತು’ ಎನ್ನುವಾಗ ದಿನ ಎಂದರೆ ಬೆಳಕಿರುವ ಹೊತ್ತು. ‘ವಾರಕ್ಕೆ ಏಳು ದಿನ’ ಎನ್ನುವಾಗ ರಾತ್ರಿಯೂ ಅದರೊಳಗೆ ಸೇರಿದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದನೆಂದು ಹೇಳಲಾಗುವ ಗೆಮಿನುಸ್ ಎಂಬ ಗ್ರೀಕ್ ಖಗೋಳಜ್ಞ ತನ್ನ ಪಠ್ಯದಲ್ಲಿ ಈ ಎರಡು ಅರ್ಥಗಳನ್ನು ಬಿಡಿಸಿ ಹೇಳಿದ್ದಾನೆ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನದು ಒಂದು ದಿನ, ಸೂರ್ಯೋದಯದಿಂದ ಮರು ಸೂರ್ಯೋದಯದವರೆಗಿನದು ಇನ್ನೊಂದು. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತನ್ನ ಮಹಾಗ್ರಂಥದ ಮೂರನೆಯ ಭಾಗದಲ್ಲಿ ನುಖ್ಥೇಮೆರೊನ್‌ಗಳ ಅಸಮಾನತೆಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸೂರ್ಯನನ್ನು ನೋಡಿ ಅಳೆದರೆ ಎಲ್ಲ ಅಹೋರಾತ್ರಗಳೂ ಒಂದೇ ಉದ್ದ ಇರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದು 24 ತಾಸಿಗಿಂತ ಸುಮಾರು 30 ಸೆಕೆಂಡು ಹೆಚ್ಚು, ಸೆಪ್ಟೆಂಬರ್ ನಡುವಿನಲ್ಲಿ ಸುಮಾರು 20 ಸೆಕೆಂಡು ಕಡಿಮೆ. ಈ ಚೂರುಗಳು ಕೂಡುತ್ತಾ ಹೋಗಿ ನವೆಂಬರ್ ಮೊದಲಲ್ಲಿ ಸೂರ್ಯನ ಮಧ್ಯಾಹ್ನ ಸರಾಸರಿ ಮಧ್ಯಾಹ್ನಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತದೆ. ಈ ಲೆಕ್ಕ ಧರ್ಮಸಭೆಯ ಕಾನೂನಿನೊಳಗೂ ಬಂದದ್ದನ್ನು ಮುಂದೆ ನೋಡಲಿದ್ದೇವೆ.

ಸಂತ ಪೌಲರ ಒಂದು ನುಖ್ಥೇಮೆರೊನ್

ಖಗೋಳಜ್ಞರ ಈ ಪದ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಸಲ ಬರುತ್ತದೆ: ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯ, 25ನೇ ವಚನ. ಕೊರಿಂಥದಲ್ಲಿ ಕೆಲವರು ತಾವೇ ದೊಡ್ಡ ಪ್ರೇಷಿತರೆಂದು ಹೇಳಿಕೊಳ್ಳುತ್ತಿದ್ದರು. ಪೌಲರು ಅವರಿಗೆ ಉತ್ತರವಾಗಿ ತಮ್ಮ ಸಾಧನೆಗಳ ಪಟ್ಟಿ ಕೊಡುವುದಿಲ್ಲ, ಪೆಟ್ಟುಗಳ ಪಟ್ಟಿ ಕೊಡುತ್ತಾರೆ: ಐದು ಸಲ ಯೆಹೂದ್ಯರಿಂದ ಚಾಟಿಯೇಟು, ಮೂರು ಸಲ ರೋಮನರಿಂದ ಕೋಲಿನ ಏಟು, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. ಅದರ ಜೊತೆಗೆ, ಆಳ ಕಡಲಿನಲ್ಲಿ ಕಳೆದ ಒಂದು ನುಖ್ಥೇಮೆರೊನ್.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಮಾಲ್ಟಾ ದ್ವೀಪದ ಬಳಿ ಹಡಗು ಒಡೆದ ಕತೆ ನಮಗೆಲ್ಲ ಗೊತ್ತು. ಹಡಗಿನಲ್ಲಿ 276 ಮಂದಿ ಇದ್ದರು, ಎಲ್ಲರೂ ದಡ ಸೇರಿದರು. ಕಡಲಿನಲ್ಲಿ ಕಳೆದ ಈ ಅಹೋರಾತ್ರ ಆಗಿನದೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರ ಕ್ರಿಸ್ತಶಕ 56ರ ಸುಮಾರಿನದು. ಮಾಲ್ಟಾದ ಘಟನೆ ಅದಕ್ಕಿಂತ ಕೆಲವು ವರ್ಷ ನಂತರದ್ದು. ಅಂದರೆ ಪತ್ರ ಬರೆಯುವ ಹೊತ್ತಿಗೇ ಮೂರು ಸಲ ಹಡಗು ಒಡೆದಾಗಿತ್ತು, ಮಾಲ್ಟಾದ್ದು ಕನಿಷ್ಠ ನಾಲ್ಕನೆಯದು. ಮೊದಲ ಮೂರರ ಬಗ್ಗೆ ಸಂತ ಲೂಕರು ಒಂದು ಮಾತೂ ಬರೆದಿಲ್ಲ. ಇಡೀ ಒಂದು ರಾತ್ರಿ ಹಗಲು ನೀರಿನಲ್ಲಿದ್ದ ಸಂಗತಿಯ ಬಗ್ಗೆ ನಮಗೆ ಸಿಕ್ಕಿರುವುದು ಪೌಲರ ಆ ಚಿಕ್ಕ ವಾಕ್ಯ ಮಾತ್ರ.

ಇಲ್ಲಿ ಪದದ ಆಯ್ಕೆಯನ್ನು ಗಮನಿಸಬೇಕು. ಪೌಲರು ಬೇರೆಡೆ ‘ಹಗಲೂ ರಾತ್ರಿಯೂ’ ದುಡಿದೆ, ‘ಹಗಲೂ ರಾತ್ರಿಯೂ’ ಪ್ರಾರ್ಥಿಸಿದೆ ಎಂಬರ್ಥದಲ್ಲಿ ಎರಡು ಬಿಡಿ ಪದಗಳನ್ನು ಬಳಸುತ್ತಾರೆ. ಅದು ‘ಎಡೆಬಿಡದೆ’ ಎನ್ನುವ ಮಾತು, ನಾವು ‘ಹಗಲಿರುಳು ದುಡಿದ’ ಎನ್ನುವಂತೆ. ಕಡಲಿನ ಪ್ರಸಂಗದಲ್ಲಿ ಮಾತ್ರ ಅಳತೆಯ ಪದವನ್ನು ಇಡುತ್ತಾರೆ. ಅಳತೆಗೆ ಆರಂಭ ಇದೆ, ಕೊನೆ ಇದೆ, ನಡುವಿನ ಪ್ರತಿ ಗಳಿಗೆಯೂ ಅದರಲ್ಲಿ ಸೇರಿದೆ. ರಾತ್ರಿ ಮೊದಲು ಬರುವುದೂ ಆ ಪದದ ಗುಣವೇ: ಕತ್ತಲಿನಲ್ಲಿ ಹಡಗು ಒಡೆದು, ಬೆಳಗಾಗಿ, ಮತ್ತೆ ಸಂಜೆಯಾಗುವವರೆಗೆ ದಡ ಕಾಣದೆ ಇದ್ದಂತೆ ಓದುಗನಿಗೆ ಅನಿಸುತ್ತದೆ. ದೋಣಿ ಮಗುಚಿದ ಸುದ್ದಿ ಬಂದ ದಿನ ಬಂದರಿನಲ್ಲಿ ನಿಂತು ತಾಸು ಎಣಿಸಿದ ನಮ್ಮ ಕರಾವಳಿಯ ಮನೆಗಳವರಿಗೆ ಈ ಅಳತೆಯ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುವಾದದಲ್ಲಿ ಒಡೆದ ಪದ

ಲ್ಯಾಟಿನಿಗೆ ಬಂದಾಗ ಸಂತ ಜೆರೋಮರ ಬೈಬಲಿನಲ್ಲಿ ಈ ಒಂದು ಪದ ಎರಡಾಯಿತು, ರಾತ್ರಿ ಮತ್ತು ಹಗಲು ಎಂದು. ಇಂಗ್ಲಿಷಿನವರೂ ಹಾಗೆಯೇ ಮಾಡಿದರು. ಲ್ಯಾಟಿನಿನಲ್ಲೂ ಇಂಗ್ಲಿಷಿನಲ್ಲೂ ಇದಕ್ಕೆ ನಿತ್ಯಬಳಕೆಯ ಒಂದೇ ಪದ ಇರಲಿಲ್ಲ. ಎಲ್ಲ ಭಾಷೆಗಳಿಗೂ ಈ ಕೊರತೆ ಇಲ್ಲ. ಸ್ವೀಡನ್ನಿನವರಿಗೆ ‘ಡ್ಯುಗ್ನ್’, ಡಚ್ಚರಿಗೆ ‘ಎಟ್ಮಾಲ್’, ರಷ್ಯನ್ನರಿಗೆ ‘ಸೂತ್ಕಿ’, ಪೋಲೆಂಡಿನವರಿಗೆ ‘ದೋಬಾ’ ಇವೆ. ಅಂಗಡಿ ಬೋರ್ಡಿನಲ್ಲೂ ಆಸ್ಪತ್ರೆಯ ಚೀಟಿಯಲ್ಲೂ ಬರೆಯುವ ಸಾಮಾನ್ಯ ಪದಗಳು ಇವು.

ಕನ್ನಡದ ಬೈಬಲಿನ ಕತೆ ನಮ್ಮನ್ನು ಮತ್ತೆ ಬಳ್ಳಾರಿಗೇ ಕರೆದೊಯ್ಯುತ್ತದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟು ಸಿದ್ಧಮಾಡಿದರು, ಅದು 1832ರಲ್ಲಿ ಹೊರಬಂತು. ಕಿಟೆಲ್ ನಿಘಂಟಿಗಿಂತ 62 ವರ್ಷ ಮೊದಲು. ಕರಾವಳಿಯವರಾದ ನಾವು ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರ ಸಮಾಚಾರ’ ಎಂದು ಹೆಮ್ಮೆಪಡುತ್ತೇವೆ. ಮೋಗ್ಲಿಂಗರ ಆ ಪತ್ರಿಕೆ ಮರುವರ್ಷ ಬಳ್ಳಾರಿಯ ಮುದ್ರಣಾಲಯಕ್ಕೆ ಹೋಗಿ ‘ಕನ್ನಡ ಸಮಾಚಾರ’ವಾದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ಇವರೆಲ್ಲ ಪ್ರೊಟೆಸ್ಟಂಟ್ ಸಹೋದರರು, ನಿಜ. ಆದರೆ ಗ್ರೀಕಿನ ಪದಗಳಿಗೆ ಕನ್ನಡದ ಪದ ಹುಡುಕುವ ಕಷ್ಟವನ್ನು ಮೊದಲು ಪಟ್ಟವರು ಅವರೇ. ಬಳ್ಳಾರಿಯ ಬಿಸಿಲಿನಲ್ಲಿ ನಡೆದ ಆ ದುಡಿಮೆಗೆ ನಾವೂ ಋಣಿಗಳು.

ಇಂದು ಪ್ರಚಾರದಲ್ಲಿರುವ ಕನ್ನಡ ಸತ್ಯವೇದದಲ್ಲೂ ಆ ವಚನದಲ್ಲಿ ರಾತ್ರಿ ಬೇರೆ, ಹಗಲು ಬೇರೆ. ‘ಅಹೋರಾತ್ರ’ ಎಂದು ಒಂದೇ ಪದದಲ್ಲಿ ಹೇಳಲು ಸಾಧ್ಯವಿತ್ತು. ಆದರೆ ಅದರಲ್ಲಿ ಹಗಲು ಮುಂದೆ, ರಾತ್ರಿ ಹಿಂದೆ. ಪೌಲರ ಪದದ ಅನುಕ್ರಮ ತಲೆಕೆಳಗಾಗುತ್ತಿತ್ತು. ಎರಡು ಪದವಾದರೂ ರಾತ್ರಿಯನ್ನು ಮುಂದಿಟ್ಟದ್ದು ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯಿಂದ ಎಣಿಸಿದವರು

ರಾತ್ರಿ ಮೊದಲು ಎಂಬುದು ಬರಿಯ ವ್ಯಾಕರಣದ ವಿಷಯವಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರತಿ ದಿನದ ಲೆಕ್ಕ ಮುಗಿಯುವಾಗ ಸಂಜೆಯ ಹೆಸರು ಮೊದಲು, ಮುಂಜಾನೆಯದು ನಂತರ. ಯಾಜಕಕಾಂಡದ 23ನೇ ಅಧ್ಯಾಯ ಪ್ರಾಯಶ್ಚಿತ್ತ ದಿನದ ಉಪವಾಸವನ್ನು ಸಂಜೆಯಿಂದ ಸಂಜೆಯವರೆಗೆ ಆಚರಿಸಲು ಹೇಳುತ್ತದೆ. ದಾನಿಯೇಲನ ಗ್ರಂಥದ 8ನೇ ಅಧ್ಯಾಯದಲ್ಲಿ ಹೀಬ್ರೂ ಭಾಷೆ ‘ಎರೆವ್ ಬೋಕೆರ್’ ಎಂದು ಸಂಜೆ-ಮುಂಜಾನೆಗಳನ್ನು ಜೋಡಿಸಿ 2300ರ ಲೆಕ್ಕ ಕೊಡುತ್ತದೆ; ಗ್ರೀಕರ ಪದಕ್ಕೆ ಹೀಬ್ರೂವಿನಲ್ಲಿ ಸಿಗುವ ಅತಿ ಹತ್ತಿರದ ಜೋಡಿ ಇದು. ಇಂದಿಗೂ ಯೆಹೂದ್ಯರ ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವಾಗ ಶುರುವಾಗುತ್ತದೆ.

ಇದು ಯೆಹೂದ್ಯರದ್ದು ಮಾತ್ರವಲ್ಲ. ಗಾಲ್ ದೇಶದವರು ಹುಟ್ಟಿದ ದಿನ, ತಿಂಗಳ ಆರಂಭ ಎಲ್ಲವನ್ನೂ ರಾತ್ರಿ ಮೊದಲು ಹಗಲು ನಂತರ ಎಂಬಂತೆ ಎಣಿಸುತ್ತಾರೆಂದು ಜೂಲಿಯಸ್ ಸೀಸರ್ ಬರೆದಿದ್ದಾನೆ. ಜರ್ಮನ್ ಬುಡಕಟ್ಟುಗಳು ದಿನಗಳನ್ನಲ್ಲ, ರಾತ್ರಿಗಳನ್ನು ಎಣಿಸುತ್ತವೆಂದು ಕ್ರಿಸ್ತಶಕ 98ರ ತನ್ನ ಕೃತಿಯಲ್ಲಿ ಟಾಸಿಟಸ್ ಹೇಳುತ್ತಾನೆ. ಇಂಗ್ಲಿಷಿನ ‘ಫೋರ್ಟ್‌ನೈಟ್’ ಅದರ ಉಳಿಕೆ: ಹದಿನಾಲ್ಕು ರಾತ್ರಿ. ಪೌಲರ ಹಡಗು ಮಾಲ್ಟಾ ಸಮೀಪಿಸಿದ್ದೂ ಹದಿನಾಲ್ಕನೆಯ ರಾತ್ರಿಯಲ್ಲೇ ಎಂದು ಲೂಕರು ಲೆಕ್ಕ ಕೊಡುತ್ತಾರೆ.

ಬಳ್ಳಾರಿ ಸೀಮೆಯಲ್ಲಿ ಉರ್ದು ಮಾತನಾಡುವ ನೆರೆಯವರನ್ನು ಗುರುವಾರಕ್ಕೆ ಏನೆನ್ನುತ್ತೀರಿ ಎಂದು ಕೇಳಿ ನೋಡಿ. ‘ಜುಮೇರಾತ್’ ಎನ್ನುತ್ತಾರೆ. ಜುಮ್ಮಾ ಎಂದರೆ ಶುಕ್ರವಾರ, ರಾತ್ ಎಂದರೆ ರಾತ್ರಿ. ಗುರುವಾರ ಸಂಜೆ ಕತ್ತಲಾದೊಡನೆ ಬರುವುದು ಶುಕ್ರವಾರಕ್ಕೆ ಸೇರಿದ ರಾತ್ರಿ. ಅದು ಇಡೀ ಗುರುವಾರಕ್ಕೇ ಹೆಸರು ಕೊಟ್ಟಿತು.

ಅದೇ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಬಂಡೆ ಶಾಸನಗಳಿವೆ. ಸಾಮ್ರಾಟನ ಅಶೋಕ ಎಂಬ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಈ ಕಿರುಶಾಸನದ ಪಾಠವನ್ನು ಅಶೋಕ ದೇಶದ ಹಲವೆಡೆ ಕೆತ್ತಿಸಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಸಂಖ್ಯೆ ಕಾಣುತ್ತದೆ. ಬಿಹಾರದ ಸಸರಾಮಿನ ಪ್ರತಿಯಲ್ಲಿ ಆ ಸಂಖ್ಯೆಯೊಡನೆ ‘ರಾತ್ರಿ’ ಎಂಬ ಪದವೂ ಇದೆ. ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂದು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಮನೆ ಬಿಟ್ಟು ಹೊರಗಿದ್ದವನು ದಿನವನ್ನು ರಾತ್ರಿಗಳಲ್ಲಿ ಎಣಿಸುವುದು ಸಹಜ. ಇಂದಿಗೂ ಲಾಡ್ಜಿನ ಬಿಲ್ಲು ಹಾಗೆಯೇ ಬರುತ್ತದೆ.

ನಮ್ಮ ನಾಡಿನ ಲೆಕ್ಕ

ಭಾರತದ ಪಂಚಾಂಗದಲ್ಲಿ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಒಂದು ಅಹೋರಾತ್ರಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಜಾವಕ್ಕೆ ಮೂರು ತಾಸಿನಂತೆ ಎಂಟು ಜಾವ. ಆದರೆ ಇಲ್ಲಿಯೂ ಒಮ್ಮತ ಇರಲಿಲ್ಲ. ಆರ್ಯಭಟ ಒಂದು ಕಡೆ ದಿನವನ್ನು ಸೂರ್ಯೋದಯದಿಂದಲೂ ಇನ್ನೊಂದು ಕಡೆ ಮಧ್ಯರಾತ್ರಿಯಿಂದಲೂ ಎಣಿಸಿದನೆಂದು ಆರನೆಯ ಶತಮಾನದ ವರಾಹಮಿಹಿರ ದಾಖಲಿಸಿದ್ದಾನೆ. ‘ಅಹೋರಾತ್ರ’ ಪದದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ತೆಗೆದರೆ ‘ಹೋರಾ’ ಉಳಿಯುತ್ತದೆ ಎಂಬ ವಿವರಣೆಯನ್ನೂ ಅವನು ಕೊಡುತ್ತಾನೆ. ಜಾಣ ವಿವರಣೆ, ಆದರೆ ಹೋರಾ ಬಂದದ್ದು ಗ್ರೀಕರ ‘ಹೋರಾ’ ಎಂಬ ಪದದಿಂದಲೇ ಎಂದು ಇಂದಿನ ವಿದ್ವಾಂಸರು ಒಪ್ಪುತ್ತಾರೆ. ಇಂಗ್ಲಿಷಿನ ‘ಅವರ್’ ಕೂಡ ಅದೇ ಪದ. ಪದಗಳೂ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂದವು.

ಇನ್ನು ಕುರುಗೋಡಿನಂಥ ಊರುಗಳ ಶಾಸನಗಳನ್ನು ನೋಡಿದರೆ ಮೂರನೆಯ ಬಗೆಯ ದಿನವೂ ಸಿಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು ಅದು. ಆ ಕಾಲದ ಕನ್ನಡ ದಾನಶಾಸನಗಳು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಸಾಲಾಗಿ ಹೇಳುತ್ತವೆ. ಇದರಲ್ಲಿ ವಾರ ಸೂರ್ಯನದು, ತಿಥಿ ಚಂದ್ರನದು. ತಿಥಿಯ ಸರಾಸರಿ ಉದ್ದ 24 ತಾಸಿಗಿಂತ ಸುಮಾರು 22 ನಿಮಿಷ ಕಡಿಮೆ, ಅದು ಯಾವ ಹೊತ್ತಿನಲ್ಲೂ ಶುರುವಾಗಬಹುದು. ಎರಡೂ ಒಟ್ಟಿಗೆ ಇರುವುದರಿಂದಲೇ ಇತಿಹಾಸಕಾರರು ಆ ದಾನಪತ್ರದ ದಿನವನ್ನು ಇಂದಿನ ಕ್ಯಾಲೆಂಡರಿನಲ್ಲಿ ಗುರುತಿಸಲು ಸಾಧ್ಯ.

ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಈ ಗೊಂದಲವನ್ನು ಪಟ್ಟಿಮಾಡಿದ್ದ. ಬಾಬಿಲೋನಿನವರಿಗೆ ದಿನ ಸೂರ್ಯೋದಯದಿಂದ, ಅಥೆನ್ಸಿನವರಿಗೆ ಸೂರ್ಯಾಸ್ತದಿಂದ, ಉಂಬ್ರಿಯದವರಿಗೆ ಮಧ್ಯಾಹ್ನದಿಂದ, ರೋಮಿನ ಪುರೋಹಿತರಿಗೆ ಮಧ್ಯರಾತ್ರಿಯಿಂದ. ಇಂದು ಸರ್ಕಾರ, ರೈಲ್ವೆ, ಬ್ಯಾಂಕು ಎಲ್ಲವೂ ರೋಮಿನ ಲೆಕ್ಕವನ್ನೇ ಹಿಡಿದಿವೆ. ಜನರ ಬಾಯಲ್ಲಿ ಮಾತ್ರ ಭಾನುವಾರ ರಾತ್ರಿ ಎರಡು ಗಂಟೆ ಎಂದರೆ ಇನ್ನೂ ಭಾನುವಾರವೇ. ರಾತ್ರಿ ಹನ್ನೆರಡೂವರೆಯ ರೈಲಿಗೆ ತಪ್ಪು ತಾರೀಖಿನ ಟಿಕೆಟ್ ಮಾಡಿಸಿ ಪ್ಲಾಟ್‌ಫಾರಂನಲ್ಲಿ ಪೆಚ್ಚಾಗಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು.

ಮೂರು ಹಗಲು, ಮೂರು ರಾತ್ರಿ

ಈಗ ಮೋಕದಿಂದ ಬಂದ ಪ್ರಶ್ನೆಗೆ ಬರೋಣ. ಸಂತ ಮತ್ತಾಯರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಪ್ರವಾದಿ ಯೋನನ ಗುರುತನ್ನು ಹೇಳುವಾಗ ಮೂರು ಹಗಲು ಮೂರು ರಾತ್ರಿಗಳ ಮಾತು ಬರುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ಅದು 72 ತಾಸು ಆಗಬೇಕು. ಶುಕ್ರವಾರ ಮಧ್ಯಾಹ್ನ ಸುಮಾರು ಮೂರು ಗಂಟೆಯಿಂದ ಭಾನುವಾರ ಮುಂಜಾನೆಯವರೆಗೆ 40 ತಾಸಿಗೂ ಕಡಿಮೆ. ಇದನ್ನು ಹಿಡಿದು ಶಿಲುಬೆಯ ಮರಣ ಬುಧವಾರವೇ ಆಗಿರಬೇಕೆಂದು ವಾದಿಸುವ ಗುಂಪುಗಳೂ ಇವೆ, ನಮ್ಮ ಜನರ ಮನೆಬಾಗಿಲಿಗೆ ಬಂದು ಕರಪತ್ರ ಹಂಚುವವರೂ ಇದ್ದಾರೆ.

ಯೆಹೂದ್ಯರ ಎಣಿಕೆ ಗೊತ್ತಿದ್ದರೆ ಗೊಂದಲವಿಲ್ಲ. ಹಗಲು ರಾತ್ರಿಗಳನ್ನು ಎಣಿಸುವ ಒಂದು ಘಟಕವನ್ನು ಅವರ ಗುರುಗಳು ‘ಓನಾ’ ಎನ್ನುತ್ತಿದ್ದರು. ಒಂದು ಓನಾದ ಭಾಗ ಇಡೀ ಓನಾಕ್ಕೆ ಸಮ ಎಂಬ ನಿಯಮವನ್ನು ರಬ್ಬಿ ಎಲೆಯಾಜರ್ ಬೆನ್ ಅಜರಿಯರ ಹೆಸರಿನಲ್ಲಿ ಜೆರುಸಲೇಮಿನ ತಾಲ್ಮುದ್ ಉಳಿಸಿಕೊಂಡಿದೆ. ಬೈಬಲಿನಲ್ಲೇ ಇದಕ್ಕೆ ಉದಾಹರಣೆಗಳಿವೆ. ಎಸ್ತೇರ್ ರಾಣಿ ಮೂರು ದಿನ ಹಗಲೂ ರಾತ್ರಿಯೂ ಉಪವಾಸ ಇರುವಂತೆ ಹೇಳಿಕಳುಹಿಸುತ್ತಾಳೆ. ಆದರೆ ರಾಜನ ಮುಂದೆ ನಿಲ್ಲುವುದು ‘ಮೂರನೆಯ ದಿನ’ದಲ್ಲಿ, ನಾಲ್ಕನೆಯದರಲ್ಲಿ ಅಲ್ಲ. ಸಮುವೇಲನ ಮೊದಲ ಗ್ರಂಥದ 30ನೇ ಅಧ್ಯಾಯದಲ್ಲಿ ಮೂರು ಹಗಲು ಮೂರು ರಾತ್ರಿ ಅನ್ನನೀರಿಲ್ಲದೆ ಬಿದ್ದಿದ್ದ ಈಜಿಪ್ಟಿನ ಯುವಕ ಕಾಯಿಲೆ ಬಿದ್ದದ್ದನ್ನು ಮೂರು ದಿನದ ಲೆಕ್ಕದಲ್ಲೇ ಹೇಳುತ್ತಾನೆ. ಹಾಗೆ ನೋಡಿದರೆ ಶುಕ್ರವಾರದ ಕೊನೆಯ ತಾಸುಗಳು ಒಂದು, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಎರಡು, ಶನಿವಾರ ಸಂಜೆಯಿಂದ ಮುಂಜಾನೆಯವರೆಗಿನದು ಮೂರು. ನಾವು ವಿಶ್ವಾಸಸಂಗ್ರಹದಲ್ಲಿ ಘೋಷಿಸುವ ‘ಮೂರನೆಯ ದಿನ’ ಅದೇ. ನಮ್ಮ ಆಡುಮಾತಿನಲ್ಲೂ ಹೀಗೇ ಅಲ್ಲವೇ? ಶುಕ್ರವಾರ ಸಂಜೆ ಬಂದು ಭಾನುವಾರ ಬೆಳಿಗ್ಗೆ ಹೊರಟ ನೆಂಟರನ್ನು ‘ಮೂರು ದಿನ ಇದ್ದು ಹೋದರು’ ಎನ್ನುತ್ತೇವೆ.

ಶನಿವಾರ ಸಂಜೆಯ ಪೂಜೆ

ಧರ್ಮಸಭೆ ಎರಡೂ ಎಣಿಕೆಗಳನ್ನು ಉಳಿಸಿಕೊಂಡಿದೆ. 1983ರ ಧರ್ಮಸಭಾ ಕಾನೂನಿನ 202ನೇ ಕಲಮಿನ ಪ್ರಕಾರ ದಿನ ಎಂದರೆ ಮಧ್ಯರಾತ್ರಿಯಿಂದ ಎಣಿಸುವ, ನಡುವೆ ಕಡಿಯದ 24 ತಾಸು. ಬೇರೆ ರೀತಿ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ವಿನಾಯಿತಿ. ಇದು ನಿಕ್ಥೆಮೆರಾನ್‌ನ ಕಾನೂನು ರೂಪ. ಆರಾಧನೆಯಲ್ಲಿ ಆ ವಿನಾಯಿತಿ ಇದೆ. ಆರಾಧನಾ ವರ್ಷದ ಕುರಿತ 1969ರ ಸಾಮಾನ್ಯ ನಿಯಮಾವಳಿಯ ಮೂರನೆಯ ವಿಧಿ ಆರಾಧನಾ ದಿನವೂ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ ಎಂದು ಹೇಳಿ, ಭಾನುವಾರ ಮತ್ತು ಮಹೋತ್ಸವಗಳ ಆಚರಣೆ ಮಾತ್ರ ಹಿಂದಿನ ದಿನದ ಸಂಜೆಯಿಂದಲೇ ಆರಂಭ ಎನ್ನುತ್ತದೆ. ನಮ್ಮ ಹಳೆಯ ಧರ್ಮಕೇಂದ್ರಗಳಲ್ಲಿ ಹಬ್ಬದ ಹಿಂದಿನ ಸಂಜೆ ವೆಸ್ಪರ್ ಪ್ರಾರ್ಥನೆಗೆ ಗಂಟೆ ಬಾರಿಸಿ, ಬ್ಯಾಂಡು ವಾದ್ಯದೊಡನೆ ಸೇರುತ್ತಿದ್ದದ್ದು ಹಬ್ಬದ ತಯಾರಿ ಅಲ್ಲ. ಹಬ್ಬ ಆಗಲೇ ಶುರುವಾಗಿತ್ತು.

1248ನೇ ಕಲಮು ಇನ್ನೂ ನೇರವಾಗಿದೆ: ಹಬ್ಬದ ದಿನವಾಗಲಿ ಅದರ ಹಿಂದಿನ ಸಂಜೆಯಾಗಲಿ ಕಥೋಲಿಕ ವಿಧಿಯ ಬಲಿಪೂಜೆಯಲ್ಲಿ ಎಲ್ಲಿ ಭಾಗವಹಿಸಿದರೂ ಕರ್ತವ್ಯ ಪೂರ್ಣವಾಗುತ್ತದೆ. ಆದ್ದರಿಂದ ಆ ಸಹೋದರಿಯ ಶನಿವಾರ ಸಂಜೆಯ ಪೂಜೆ ಅರ್ಧವಲ್ಲ, ರಿಯಾಯಿತಿಯ ದಾನವೂ ಅಲ್ಲ. ಅದರಲ್ಲಿ ಭಾನುವಾರದ ವಾಚನಗಳನ್ನೇ ಓದುತ್ತೇವೆ, ಭಾನುವಾರದ ವಿಶ್ವಾಸಸಂಗ್ರಹವನ್ನೇ ಹೇಳುತ್ತೇವೆ. ಧರ್ಮಗುರುಗಳು ಕಡಿಮೆ ಇರುವ ಒಳನಾಡಿನ ಕೇಂದ್ರಗಳಲ್ಲಿ ಒಬ್ಬರೇ ಗುರು ಎರಡು ಮೂರು ಊರುಗಳಿಗೆ ಓಡಾಡುವಾಗ ಶನಿವಾರ ಸಂಜೆಯೇ ಒಂದು ಊರಿನ ಭಾನುವಾರ. ಆ ಊರಿನವರಿಗೆ ನೀವು ಎರಡನೆಯ ದರ್ಜೆಯವರು ಎಂಬ ಭಾವನೆ ಬರುವಂತೆ ಮಾತನಾಡುವುದನ್ನು ನಾವು, ಕರಾವಳಿಯ ದೊಡ್ಡ ಇಗರ್ಜಿಗಳವರು, ಬಿಡಬೇಕು. ಹಾಗೆಂದು ಶನಿವಾರ ಸಂಜೆ ಪೂಜೆ ಮುಗಿಸಿ ಭಾನುವಾರವನ್ನು ಅಂಗಡಿ ವ್ಯವಹಾರಕ್ಕೆ ಒಪ್ಪಿಸಿಬಿಡಲು ಇದು ಪರವಾನಗಿಯಲ್ಲ. ಮರುದಿನದ ಹಗಲೂ ಪ್ರಭುವಿನ ದಿನವೇ.

‘ಸಂಜೆ’ ಎಂದರೆ ಎಷ್ಟು ಗಂಟೆ? ಕಲಮಿನಲ್ಲಿ ಗಂಟೆ ಹೇಳಿಲ್ಲ. 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ಸಂಜೆಯ ಪೂಜೆಗೆ ಅನುಮತಿ ಕೊಟ್ಟಾಗ ನಾಲ್ಕು ಗಂಟೆಗಿಂತ ಮೊದಲು ಕೂಡದು ಎಂದಿದ್ದರು. ಇಂದಿಗೂ ಕಾನೂನು ಪಂಡಿತರಲ್ಲಿ ಹೆಚ್ಚಿನವರು ಆ ನಾಲ್ಕು ಗಂಟೆಯನ್ನೇ ಗುರುತಾಗಿ ಹಿಡಿಯುತ್ತಾರೆ. ಪಾಸ್ಖ ಜಾಗರಣೆಗೆ ಮಾತ್ರ ಈ ಸಡಿಲಿಕೆ ಇಲ್ಲ: ಕತ್ತಲಾದ ಮೇಲೆ ಆರಂಭಿಸಿ ಭಾನುವಾರ ಬೆಳಗಾಗುವ ಮೊದಲು ಮುಗಿಸಬೇಕು.

ಉಪವಾಸದ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನದು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳ ಉಪವಾಸ, ಮಾಂಸತ್ಯಾಗಗಳು ಸಂಜೆಗೆ ಮುಗಿಯುವುದಿಲ್ಲ, ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಶುಭ ಶುಕ್ರವಾರ ಶಿಲುಬೆಯ ಆರಾಧನೆ ಮುಗಿಯಿತೆಂದು ರಾತ್ರಿ ಮಾಂಸದೂಟಕ್ಕೆ ಕುಳಿತರೆ ಸರಿಯಾಗದು.

ಹಿರಿಯರಿಗೆ ನೆನಪಿರುವ ಇನ್ನೊಂದು ಮಧ್ಯರಾತ್ರಿ ಇದೆ. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ನೀರನ್ನೂ ಕುಡಿಯಬಾರದೆಂಬ ನಿಯಮ 1953ರವರೆಗೆ ಇತ್ತು. ಆ ವರ್ಷ ನೀರಿಗೆ ವಿನಾಯಿತಿ ಬಂತು, 1957ರಲ್ಲಿ ಅವಧಿ ಮೂರು ತಾಸಾಯಿತು, 1964ರಲ್ಲಿ ಒಂದು ತಾಸು. ಯಾರ ಗಡಿಯಾರದ ಮಧ್ಯರಾತ್ರಿ ಎಂಬ ಪ್ರಶ್ನೆ ಆಗ ಬರಿಯ ತರ್ಕವಾಗಿರಲಿಲ್ಲ. 1917ರ ಕಾನೂನಿನ 33ನೇ ಕಲಮು ಈ ಉಪವಾಸಕ್ಕೆ ಸರ್ಕಾರಿ ಸಮಯವನ್ನಾಗಲಿ, ಊರಿನ ಸರಾಸರಿ ಸಮಯವನ್ನಾಗಲಿ, ಸೂರ್ಯನ ನಿಜ ಸಮಯವನ್ನಾಗಲಿ ಅನುಸರಿಸಬಹುದೆಂದು ಬಿಟ್ಟುಕೊಟ್ಟಿತ್ತು. ಟಾಲೆಮಿ ಲೆಕ್ಕಹಾಕಿದ ವ್ಯತ್ಯಾಸ ಹೀಗೆ ನಮ್ಮ ಕಾನೂನಿನೊಳಗೆ ಬಂತು. ಭಾರತದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಯದ್ದು, ಮಂಗಳೂರಿನ ಸರಾಸರಿ ಮಧ್ಯರಾತ್ರಿ ಅದಕ್ಕಿಂತ ಸುಮಾರು 30 ನಿಮಿಷ ತಡವಾಗಿ ಬರುತ್ತದೆ, ಬಳ್ಳಾರಿಯದ್ದು ಸುಮಾರು 22 ನಿಮಿಷ. ಅಂದರೆ ಹಿಂದಿನ ಕಾಲದಲ್ಲಿ ಮಂಗಳೂರಿನ ಕಥೋಲಿಕರೊಬ್ಬರು ಗಡಿಯಾರದಲ್ಲಿ ಹನ್ನೆರಡು ದಾಟಿ ಇಪ್ಪತ್ತೈದು ನಿಮಿಷಕ್ಕೆ ಒಂದು ಲೋಟ ನೀರು ಕುಡಿದು ಬೆಳಿಗ್ಗೆ ಪ್ರಸಾದ ಸ್ವೀಕರಿಸಬಹುದಿತ್ತು. ಬಳ್ಳಾರಿಯವರು ಅಷ್ಟು ಹೊತ್ತಿಗೆ ಲೋಟ ಕೆಳಗಿಡಬೇಕಾಗುತ್ತಿತ್ತು.